ವಾಸಸ್ಥಳದ ಆಯ್ಕೆ ಮತ್ತು ಶ್ರಾವಕನ ಪರಿಮಾಣ

ದಕ್ಷಿಣ ಕನ್ನಡದ ಜೈನ ಮನೆಗಳಲ್ಲಿ ಇಂದು ಮದುವೆಯ ಮಾತುಕತೆಯಷ್ಟೇ ಗಂಭೀರವಾಗಿ ಚರ್ಚೆಗೆ ಬರುತ್ತಿರುವ ವಿಷಯವೊಂದಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಅಥವಾ ಮಗಳು ಅಲ್ಲಿಯೇ ಮನೆ ಕೊಂಡು ನೆಲೆಸಬೇಕೇ, ಇಲ್ಲವೇ ಮಂಗಳೂರಿಗೆ ಹಿಂದಿರುಗಬೇಕೇ ಎಂಬುದೇ ಆ ವಿಷಯ. 2020ರ ಮಹಾಮಾರಿಯ ಕಾಲದಲ್ಲಿ ಅನೇಕರು ಊರಿನ ಮನೆಯ ಚಾವಡಿಯಲ್ಲಿ ಕುಳಿತೇ ಬೆಂಗಳೂರಿನ ಕೆಲಸವನ್ನು ನಡೆಸಿದರು. ಆ ಬಳಿಕ ಈ ಪ್ರಶ್ನೆಗೆ ಹಿಂದೆ ಇಲ್ಲದ ಬಲ ಬಂದಿದೆ. ಉತ್ತರವನ್ನು ಸಾಮಾನ್ಯವಾಗಿ ಲೆಕ್ಕದಿಂದ ಹುಡುಕಲಾಗುತ್ತದೆ: ಸಂಬಳವೆಷ್ಟು, ಬಾಡಿಗೆಯೆಷ್ಟು, ಮಕ್ಕಳ ಶಾಲೆ ಎಂಥದು, ಆಸ್ಪತ್ರೆ ಎಷ್ಟು ದೂರ. ಈ ಲೆಕ್ಕಗಳು ಅವಶ್ಯಕವೇ. ಗೃಹಸ್ಥನಾದವನು ಅರ್ಥವನ್ನು ಕಡೆಗಣಿಸಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಆದರೆ ಶ್ರಾವಕಾಚಾರವು ಈ ಲೆಕ್ಕಗಳಿಗಿಂತ ಮೊದಲೇ ಇನ್ನೊಂದು ಪ್ರಶ್ನೆಯನ್ನು ಕೇಳುತ್ತದೆ. ಮನೆಗಳ ಚರ್ಚೆಯಲ್ಲಿ ಅದೊಂದೇ ಕೇಳಿಬರುವುದಿಲ್ಲ.

ಊರು ಬಿಡುವುದು ಹೊಸ ಸಂಗತಿಯಲ್ಲ, ದೋಷವೂ ಅಲ್ಲ. ಹನ್ನೆರಡು ವರ್ಷಗಳ ಕ್ಷಾಮದ ಕಾಲದಲ್ಲಿ ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಸಂಘಸಮೇತರಾಗಿ ದಕ್ಷಿಣಕ್ಕೆ ಬಂದರೆಂಬ ಪರಂಪರೆಯಿಂದಲೇ ಕರ್ನಾಟಕದ ಜೈನರು ತಮ್ಮ ಇತಿಹಾಸವನ್ನು ಆರಂಭಿಸುತ್ತಾರೆ. ಸಮೀಪದ ಕಾಲಕ್ಕೆ ಬಂದರೆ, 1974ರ ಭೂಸುಧಾರಣಾ ಕಾಯಿದೆಯ ನಂತರ ಗೇಣಿಗೆ ಕೊಟ್ಟ ಭೂಮಿ ಕೈಬಿಟ್ಟ ಬೀಡು-ಮನೆತನಗಳ ಮಕ್ಕಳು ವಿದ್ಯೆಯನ್ನು ಆಶ್ರಯಿಸಿದರು, ವಿದ್ಯೆ ಅವರನ್ನು ನಗರಗಳಿಗೆ ಒಯ್ದಿತು. ಉಳುವವನಿಗೆ ಭೂಮಿ ಸಂದದ್ದು ನ್ಯಾಯವೇ. ಅದಕ್ಕಾಗಿ ಕೊರಗುವವರು ಅಪರಿಗ್ರಹದ ಪಾಠವನ್ನು ಅರ್ಧಕ್ಕೇ ನಿಲ್ಲಿಸಿದವರು. ವ್ಯಾಪಾರದ ಲೋಕದಲ್ಲಿಯೂ ಇದೇ ನಡೆಯಿತು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಮತ್ತು 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ತಮ್ಮ ಪ್ರಧಾನ ಕಛೇರಿಗಳನ್ನು ಬೆಂಗಳೂರಿಗೆ ಸಾಗಿಸಿದವು. 1924ರ ಕರ್ಣಾಟಕ ಬ್ಯಾಂಕು ಮಂಗಳೂರಿನಲ್ಲಿಯೇ ಉಳಿಯಿತು. ಘಟ್ಟ ಹತ್ತಿದ ಎರಡರಲ್ಲಿ ಒಂದು ಇಂದಿಗೂ ಬೃಹತ್ತಾಗಿ ಬೆಳೆದು ನಿಂತಿದೆ, ಇನ್ನೊಂದು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಘಟ್ಟ ಹತ್ತದಿದ್ದುದು ತನ್ನ ಹೆಸರಿನಲ್ಲಿಯೇ ಶತಮಾನವನ್ನು ಪೂರೈಸಿತು. ಸ್ಥಳದಿಂದಲೇ ಅಭ್ಯುದಯವೆಂದಾಗಲಿ, ಸ್ಥಳದಿಂದಲೇ ಅವನತಿಯೆಂದಾಗಲಿ ಇದರಿಂದ ಸಿದ್ಧವಾಗುವುದಿಲ್ಲ.

ಶ್ರಾವಕಾಚಾರ ಕೇಳುವ ಪ್ರಶ್ನೆ ದಿಗ್ವ್ರತದಲ್ಲಿದೆ. ಪಂಚ ಅಣುವ್ರತಗಳ ಹೆಸರು ಮಕ್ಕಳಿಗೂ ಕಂಠಸ್ಥವಾಗಿದೆ. ಅವುಗಳಿಗೆ ಬಲ ಕೊಡುವ ಗುಣವ್ರತಗಳು ಮಾತ್ರ ಪೂಜಾಪುಸ್ತಕದ ಪುಟಗಳಲ್ಲಿಯೇ ಉಳಿದಿವೆ. ಹತ್ತು ದಿಕ್ಕುಗಳಲ್ಲಿಯೂ ತನ್ನ ವ್ಯವಹಾರಕ್ಕೆ ಒಂದು ಗಡಿಯನ್ನು ಗೊತ್ತುಮಾಡಿಕೊಂಡು, ಮರಣಪರ್ಯಂತ ಅದನ್ನು ದಾಟೆನೆಂದು ಸಂಕಲ್ಪಿಸುವುದೇ ದಿಗ್ವ್ರತ. ಗಡಿಯನ್ನು ಯಾವುದರಿಂದ ಗುರುತಿಸಬೇಕೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿ ಹೇಳಿದ್ದಾರೆ: ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ. ಕರಾವಳಿಯ ವಾಚಕನಿಗೆ ಈ ಪಟ್ಟಿ ತನ್ನ ಊರನ್ನೇ ನೋಡಿ ಬರೆದಂತೆ ತೋರಿದರೆ ಆಶ್ಚರ್ಯವಿಲ್ಲ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ ಮತ್ತು ಅಡವಿ, ಮಂಗಳೂರಿನ ಎರಡು ಪಕ್ಕಗಳಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು. ಗಡಿಯ ಹೊರಗೆ ಅವನಿಂದ ಸೂಕ್ಷ್ಮ ಪಾಪವೂ ನಡೆಯದ ಕಾರಣ, ಆ ಹೊರಗಿನ ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತಗಳೇ ಮಹಾವ್ರತಗಳಂತೆ ಪರಿಣಮಿಸುತ್ತವೆ ಎಂದು ಆಚಾರ್ಯರು ಮುಂದುವರಿದು ಹೇಳುತ್ತಾರೆ. ಗೃಹಸ್ಥನಿಗೆ ಇದಕ್ಕಿಂತ ದೊಡ್ಡ ಭರವಸೆ ಇನ್ನೊಂದಿಲ್ಲ.

ಹಾಗೆಂದು ಬೆಂಗಳೂರಿಗೆ ಹೋದವನು ದಿಗ್ವ್ರತವನ್ನು ಮುರಿದನೆಂದು ತೀರ್ಮಾನಿಸುವುದು ಅವಸರವಾದೀತು. ಗಡಿಯನ್ನು ಬೆಂಗಳೂರಿನಾಚೆಗೆ ಇಟ್ಟುಕೊಂಡವನೂ ವ್ರತಿಯೇ. ಆಚಾರ್ಯರು ಕೇಳುವುದು ಗಡಿ ಎಷ್ಟು ದೂರದಲ್ಲಿದೆ ಎಂಬುದಕ್ಕಿಂತ ಮುಖ್ಯವಾಗಿ, ಗಡಿ ಎಂಬುದೊಂದು ಇದೆಯೇ ಎಂಬುದನ್ನು. ಇಟ್ಟ ಗಡಿಯನ್ನು ಲೋಭದಿಂದ ವಿಸ್ತರಿಸುವುದು ಕ್ಷೇತ್ರವೃದ್ಧಿ ಎಂಬ ಅತಿಚಾರ. ಎಲ್ಲಿ ಇಟ್ಟಿದ್ದೆನೆಂಬುದನ್ನೇ ಮರೆಯುವುದು ಮತ್ತೊಂದು ಅತಿಚಾರ. ಎರಡನೆಯದು ಮಹಾನಗರದಲ್ಲಿ ಬಲು ಸುಲಭ. 2011ರ ಜನಗಣತಿಯಂತೆ ಮಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 5 ಲಕ್ಷ, ಬೆಂಗಳೂರಿನದು 84 ಲಕ್ಷ; ಆ ಬಳಿಕ ಬೆಂಗಳೂರು ಎಷ್ಟು ಬೆಳೆದಿದೆಯೆಂಬುದನ್ನು ಅಲ್ಲಿನ ರಸ್ತೆಗಳೇ ಹೇಳುತ್ತವೆ. ಮೂರು ವರ್ಷಕ್ಕೆಂದು ಹೋದವನು ಹತ್ತು ವರ್ಷವಿರುತ್ತಾನೆ. ಎರಡು ಕೋಣೆಯ ಮನೆ ಸಾಕೆಂದವನು ಮೂರು ಕೋಣೆಯದಕ್ಕೆ ಇಪ್ಪತ್ತು ವರ್ಷಗಳ ಸಾಲ ಮಾಡುತ್ತಾನೆ. ಸಾಲ ತೀರುವವರೆಗೆ ಊರಿಗೆ ಮರಳುವ ಮಾತಿಲ್ಲ. ತೀರುವ ವೇಳೆಗೆ ಊರಿನಲ್ಲಿ ಕಾಯುತ್ತಿದ್ದವರಿರುವುದಿಲ್ಲ.

ನೀರಿನ ವಿಚಾರವನ್ನೂ ನೋಡಬೇಕು, ಏಕೆಂದರೆ ಜಲಕಾಯಿಕ ಜೀವಗಳ ಬಗ್ಗೆ ಇಷ್ಟು ಎಚ್ಚರದಿಂದ ಮಾತನಾಡುವ ಧರ್ಮ ಬೇರೊಂದಿಲ್ಲ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಬರುತ್ತದೆ. ಆ ಒಂದು ಕೊಡ ನೀರನ್ನು ಶೋಧಿಸಿ ಕುಡಿಯುವ ಶ್ರಾವಕನು, ಅದು ಏರಿಬಂದ ದಾರಿಯ ಆರಂಭವನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಲ್ಲವೇ? 2024ರ ಬೇಸಗೆಯಲ್ಲಿ ಅಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಸಾಲು ನಿಂತದ್ದನ್ನು ಎಲ್ಲರೂ ಕಂಡರು. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿಗೂ ಹೆಮ್ಮೆಪಡುವ ಹಕ್ಕಿಲ್ಲ; 2019ರ ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದು, ಸರದಿಯ ಮೇಲೆ ನೀರು ಬಿಡಬೇಕಾಯಿತು. ಮಳೆ ಹೆಚ್ಚೆಂಬ ಕಾರಣಕ್ಕೇ ಅಲ್ಲಿನವರು ನೀರನ್ನು ಅಳೆಯುವುದನ್ನು ಕಲಿಯಲಿಲ್ಲ.

ರಾತ್ರಿಭೋಜನ ತ್ಯಾಗದ ವಿಷಯದಲ್ಲಿ ಮಾತ್ರ ಕರಾವಳಿಯ ನಗರಕ್ಕೆ ನಿಜವಾದ ಅನುಕೂಲವಿದೆ. ಮಂಗಳೂರಿನಲ್ಲಿ ಸೂರ್ಯನು ಬೆಂಗಳೂರಿಗಿಂತ ಸುಮಾರು ಹನ್ನೊಂದು ನಿಮಿಷ ತಡವಾಗಿ ಅಸ್ತಮಿಸುತ್ತಾನೆ. ಹನ್ನೊಂದು ನಿಮಿಷದಿಂದ ಏನಾಗುತ್ತದೆಂದು ನಗುವವರು, ಸಂಜೆ ಐದೂವರೆಗೆ ಕಛೇರಿ ಬಿಟ್ಟು ಆರಕ್ಕೆ ತಟ್ಟೆಯ ಮುಂದೆ ಕುಳಿತುಕೊಳ್ಳುವ ಮನೆಯನ್ನು ನೋಡಬೇಕು. ಬೆಂಗಳೂರಿನಲ್ಲಿ ಆ ಹೊತ್ತಿಗೆ ಉದ್ಯೋಗಿಯು ಯಾವುದೋ ಮೇಲುಸೇತುವೆಯ ಮೇಲೆ ವಾಹನಗಳ ನಡುವೆ ಸಿಲುಕಿರುತ್ತಾನೆ. ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸಬೇಕೆನ್ನುವ ಕಟ್ಟುನಿಟ್ಟಿನವರಿಗೆ ಎರಡು ಊರುಗಳಲ್ಲಿಯೂ ನೌಕರಿಯೊಡನೆ ಇದು ಕಷ್ಟವೇ. ಇಷ್ಟಾಗಿಯೂ ಬೆಂಗಳೂರಿನಲ್ಲಿ ಸಂಜೆಯ ಡಬ್ಬಿಯನ್ನು ಬೆಳಿಗ್ಗೆಯೇ ಕಟ್ಟಿಕೊಂಡು ಹೋಗಿ, ಕಛೇರಿಯ ಮೂಲೆಯೊಂದರಲ್ಲಿ ಐದೂವರೆಗೆ ಉಂಡು ಮುಗಿಸುವ ತರುಣರಿದ್ದಾರೆ. ಮಂಗಳೂರಿನಲ್ಲಿ ಅಂಗಡಿಯ ಬಾಗಿಲು ಹಾಕಿ ಒಂಬತ್ತಕ್ಕೆ ಉಣ್ಣುವ ಹಿರಿಯರೂ ಇದ್ದಾರೆ. ವ್ರತದ ಬಲ ಯಾರಲ್ಲಿ ಹೆಚ್ಚೆಂಬುದನ್ನು ಹೇಳಬೇಕಾಗಿಲ್ಲ.

ಈ ಸಂದರ್ಭದಲ್ಲಿ ನಗರವಾಸಿಗಳು ಭರತೇಶನನ್ನು ಉದಾಹರಿಸುವುದುಂಟು. ಷಟ್ಖಂಡ ಭೂಮಂಡಲವನ್ನು ಆಳುತ್ತಲೇ ಆತ್ಮಯೋಗಿಯಾಗಿದ್ದ ಚಕ್ರವರ್ತಿಯನ್ನು ಮೂಡುಬಿದಿರೆಯ ರತ್ನಾಕರವರ್ಣಿ ಚಿತ್ರಿಸಿದ್ದಾನೆ. ಅರಮನೆ ಅಡ್ಡಿಯಾಗದಿದ್ದವನಿಗೆ ಅಪಾರ್ಟ್‌ಮೆಂಟು ಅಡ್ಡಿಯಾದೀತೇ ಎಂಬುದು ಅವರ ವಾದ. ವಾದ ಚೆನ್ನಾಗಿದೆ. ಆದರೆ ಅದೇ ಕಾವ್ಯದ ಭರತನು ಮುನಿಗಳಿಗೆ ಆಹಾರದಾನ ಮಾಡದೆ ತಾನು ಉಣ್ಣಲಾರದೆ ಬಾಗಿಲಲ್ಲಿ ಕಾದು ನಿಂತವನು ಎಂಬುದನ್ನು ಅವರು ಬಿಟ್ಟುಬಿಡುತ್ತಾರೆ. ಕಾವಲುಗಾರ, ಹೆಸರು ಬರೆಯುವ ಪುಸ್ತಕ, ಹದಿನಾಲ್ಕನೆಯ ಮಹಡಿಗೆ ಲಿಫ್ಟು ಇರುವಲ್ಲಿ ಪಾದಚಾರಿಯಾದ ಮುನಿಯು ಹೇಗೆ ಬರಬೇಕು? ಅತಿಥಿ ಸಂವಿಭಾಗ ವ್ರತಕ್ಕೆ ಬೀದಿಗೆ ತೆರೆದ ಬಾಗಿಲೊಂದು ಬೇಕು. ಮಂಗಳೂರಿನಲ್ಲಿಯೂ ಅಂಥ ಬಾಗಿಲುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಹಳೆಯ ಹೆಂಚಿನ ಮನೆಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ ಎಂಬುದನ್ನು ಒಪ್ಪಲೇಬೇಕು.

ಚಿಕ್ಕ ನಗರವೆಂದ ಮಾತ್ರಕ್ಕೆ ಪರಿಗ್ರಹ ಚಿಕ್ಕದಾಗುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ನೆರೆಯವರ ಕಣ್ಣೇ ಒಂದು ತೆರಿಗೆ. ಬೆಂಗಳೂರಿನಲ್ಲಿ ಐವತ್ತು ಮಂದಿಯ ಸಮಕ್ಷಮ ಮಗಳ ಮದುವೆ ಮಾಡಿ ಮುಗಿಸಬಹುದಾದವನು ಮಂಗಳೂರಿನಲ್ಲಿ ಎರಡು ಸಾವಿರ ಮಂದಿಗೆ ಎಲೆ ಹಾಕಬೇಕಾಗುತ್ತದೆ. ಹಾಕದಿದ್ದರೆ ಮನೆತನದ ಹೆಸರು ಮಾತಿಗೆ ಬರುತ್ತದೆ. ಬಂದರಿನ ಊರಾದುದರಿಂದ ಮೀನಿನ ವಹಿವಾಟು ಅಲ್ಲಿನ ಹಣದೊಡನೆ ಬೆರೆತಿದೆ. ಮಳಿಗೆ ಬಾಡಿಗೆಗೆ ಕೊಡುವ ಶ್ರಾವಕನು ಒಳಗೆ ಏನು ನಡೆಯುತ್ತದೆಂದು ಕೇಳಬೇಕಾದ ಪ್ರಸಂಗ ಅಲ್ಲಿ ಬರುತ್ತದೆ. ಬೆಂಗಳೂರಿನ ಷೇರುದಾರನಿಗೆ ಆ ಪ್ರಸಂಗವೇ ಬರುವುದಿಲ್ಲ. ಹಿಂಸೆ ಅವನ ಕಣ್ಣಿಗೆ ಬೀಳದಷ್ಟು ದೂರದಲ್ಲಿದೆ. ಯಾವುದು ಹೆಚ್ಚು ಅಪಾಯ ಎಂಬುದು ವಿಚಾರಾರ್ಹ.

ಇನ್ನು ಮೊಬೈಲು. ದೇಶಾವಕಾಶಿಕ ವ್ರತದ ಅತಿಚಾರಗಳಲ್ಲಿ ಮೊದಲನೆಯದು ಆನಯನ: ತಾನು ಗಡಿ ದಾಟದೆ, ಗಡಿಯಾಚೆಯ ವಸ್ತುವನ್ನು ತರಿಸಿಕೊಳ್ಳುವುದು. ಎರಡನೆಯದು ಪ್ರೇಷ್ಯಪ್ರಯೋಗ: ತನ್ನ ಬದಲು ಆಳನ್ನು ಕಳುಹಿಸುವುದು. ಇವನ್ನು ಎಣಿಸಿದ ಆಚಾರ್ಯರ ಮುಂದೆ ಯಾವ ಫೋನೂ ಇರಲಿಲ್ಲ. ಆದರೂ ಮಂಗಳೂರಿನ ಮನೆಯಲ್ಲಿ ಕುಳಿತು ರಾತ್ರಿ ಹತ್ತಕ್ಕೆ ಬೆರಳ ತುದಿಯಿಂದ ವಸ್ತು ತರಿಸಿಕೊಳ್ಳುವವನ ವರ್ಣನೆ ಅಲ್ಲಿ ಇದ್ದಂತಿದೆ. ದೇಹವನ್ನು ಕರಾವಳಿಯಲ್ಲಿಟ್ಟು ಬಯಕೆಯನ್ನು ಮಹಾನಗರದಲ್ಲಿಟ್ಟರೆ, ಉಳಿಯುವುದು ಬಾಡಿಗೆಯ ವ್ಯತ್ಯಾಸ ಮಾತ್ರ.

ಮರಳುವ ನಿರ್ಧಾರದಲ್ಲಿ ಅತ್ಯಂತ ಸೂಕ್ಷ್ಮವಾದ ಸಂಗತಿ ಇನ್ನೂ ಉಳಿದಿದೆ. ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು: ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಗಂಡನ ತಂದೆಗೆ ವಯಸ್ಸಾಗಿದೆ, ಊರಿನ ಬಸದಿಯ ಆಡಳಿತವನ್ನು ನೋಡಿಕೊಳ್ಳುವವರಿಲ್ಲ. ಗಂಡನ ಕಂಪನಿ ಮಂಗಳೂರಿನಿಂದ ಕೆಲಸ ಮಾಡಲು ಒಪ್ಪುತ್ತದೆ, ಹೆಂಡತಿಯದು ಒಪ್ಪುವುದಿಲ್ಲ. ಮಾವನವರು ಕರೆಯುತ್ತಾರೆ, ಸಮಾಜದವರು ಕೊಂಡಾಡುತ್ತಾರೆ, ಗಂಡನಿಗೆ ಸಂಜೆಯ ಸಾಮಾಯಿಕಕ್ಕೆ ಬಿಡುವು ದೊರೆಯುತ್ತದೆ. ಈ ಶಾಂತಿಗೆಲ್ಲ ಬೆಲೆ ತೆತ್ತವಳು ಸೊಸೆ. ಅಚೌರ್ಯವೆಂದರೆ ಕೊಡದೆ ಇರುವುದನ್ನು ತೆಗೆದುಕೊಳ್ಳದಿರುವುದು. ಆಕೆ ಮನಃಪೂರ್ವಕವಾಗಿ ಕೊಟ್ಟಿದ್ದರೆ ಅದು ತ್ಯಾಗ. ಹಿರಿಯರ ಮುಂದೆ ಮಾತನಾಡಲಾರದೆ ತಲೆಬಾಗಿದ್ದರೆ, ಆ ಮನೆಯವರು ಆಕೆಯ ಹತ್ತು ವರ್ಷಗಳ ದುಡಿಮೆಯನ್ನು ಕೇಳದೆಯೇ ತೆಗೆದುಕೊಂಡಂತಾಯಿತು. ವ್ರತವನ್ನು ಸ್ವೀಕರಿಸುವವರು ತಾವೇ ಸಂಕಲ್ಪ ಮಾಡಬೇಕು; ಒಬ್ಬರ ಪರವಾಗಿ ಮತ್ತೊಬ್ಬರು ಮಾಡಿದ ಸಂಕಲ್ಪಕ್ಕೆ ಶ್ರಾವಕಾಚಾರದಲ್ಲಿ ಸ್ಥಾನವಿಲ್ಲ. ತಾಯಿಯ ಕಡೆಯಿಂದ ವಂಶವನ್ನೂ ಆಸ್ತಿಯನ್ನೂ ಎಣಿಸುವ ಅಳಿಯಸಂತಾನ ಪದ್ಧತಿಯನ್ನು ಕಂಡ ತುಳುನಾಡಿನ ಜೈನ ಮನೆತನಗಳು ಇದನ್ನು ಮರೆಯುವುದು ವಿಶೇಷವಾಗಿ ಶೋಚನೀಯ.

ಬಸದಿಯ ಟ್ರಸ್ಟುಗಳೂ ಈ ಪ್ರಶ್ನೆಯಿಂದ ಹೊರಗುಳಿಯಲಾರವು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳ ವೇಣೂರುಗಳ ಗೊಮ್ಮಟರಿಗೆ ಯಾತ್ರಿಕರ ಕೊರತೆಯಿಲ್ಲ. ಕೊರತೆ ಇರುವುದು ಒಳನಾಡಿನ ಹಳ್ಳಿಯ ಸಣ್ಣ ಬಸದಿಗಳಿಗೆ. ಅಲ್ಲಿ ಇಂದ್ರರು ಬೆಳಿಗ್ಗೆ ಒಬ್ಬರೇ ಅಭಿಷೇಕ ಮಾಡಿ, ಒಬ್ಬರೇ ಆರತಿ ಎತ್ತಿ, ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಬೆಂಗಳೂರಿನಿಂದ ಜೀರ್ಣೋದ್ಧಾರಕ್ಕೆ ಹಣ ಬರುತ್ತದೆ, ದಾನಿಗಳ ಹೆಸರು ಕಲ್ಲಿನ ಮೇಲೆ ಕೆತ್ತಲ್ಪಡುತ್ತದೆ. ಇಂದ್ರರ ಮಾಸಿಕ ಸಂಭಾವನೆಯನ್ನು ಮಾತ್ರ ಏರಿಸುವವರಿಲ್ಲ. ಅವರ ಮಗನೂ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ತರುಣರು ಮರಳಬೇಕೆಂದು ವೇದಿಕೆಯ ಮೇಲೆ ಭಾಷಣ ಮಾಡುವ ಮಹನೀಯರು, ಮರಳಿ ಬಂದವರಿಗೆ ಆಡಳಿತದಲ್ಲಿ ಒಂದು ಕುರ್ಚಿಯನ್ನಾದರೂ ಬಿಟ್ಟುಕೊಡಲು ಸಿದ್ಧರಿದ್ದಾರೆಯೇ?

ಮೊದಲು ಊರನ್ನು ಆರಿಸಿ ಆಮೇಲೆ ಪರಿಮಾಣವನ್ನು ಅದಕ್ಕೆ ಹೊಂದಿಸುವುದು ಇಂದಿನ ರೂಢಿ. ಕ್ರಮ ತಿರುವುಮುರುವಾಗಬೇಕು. ಸಾಕೆಂಬ ಅಂಕೆಯನ್ನು ಕಾಗದದ ಮೇಲೆ ಬರೆದ ಕುಟುಂಬಕ್ಕೆ ಮಂಗಳೂರು ಬಹುಮಟ್ಟಿಗೆ ಸಾಕಾಗುತ್ತದೆ. ವೈದ್ಯಕೀಯ ಕಾಲೇಜುಗಳು, ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯ, ಬಂದರು, ವಿಮಾನ ನಿಲ್ದಾಣ ಎಲ್ಲವೂ ಅಲ್ಲಿವೆ. ಕೆಲವು ವೃತ್ತಿಗಳಿಗೆ, ಕೆಲವು ರೋಗಗಳ ಚಿಕಿತ್ಸೆಗೆ ಬೆಂಗಳೂರೇ ಬೇಕು. ಅಂಥವರು ಸಂಕೋಚವಿಲ್ಲದೆ ಅಲ್ಲಿರಲಿ. ಅಂಕೆಯನ್ನೇ ಬರೆಯದವರಿಗೆ ಯಾವ ಊರೂ ಸಾಲದು.

ಸಂದೇಹದಲ್ಲಿರುವವರಿಗೆ ಶ್ರಾವಕಾಚಾರವೇ ಒಂದು ಮಾರ್ಗವನ್ನು ಇಟ್ಟಿದೆ. ದಿಗ್ವ್ರತ ಮರಣಪರ್ಯಂತದ್ದಾದರೆ ದೇಶಾವಕಾಶಿಕಕ್ಕೆ ಕಾಲದ ಮಿತಿಯುಂಟು. ವರ್ಷ, ತಿಂಗಳು, ಪಕ್ಷಗಳ ಜೊತೆಗೆ ಚಾತುರ್ಮಾಸವನ್ನೂ ಸಮಂತಭದ್ರಾಚಾರ್ಯರು ಹೆಸರಿಸಿದ್ದಾರೆ. ಮನೆಯಿಂದ ಕೆಲಸ ಮಾಡಲು ಅನುಮತಿಯುಳ್ಳ ಕುಟುಂಬವು ಆಷಾಢದಿಂದ ಕಾರ್ತಿಕದವರೆಗೆ, ಮುನಿಗಳು ಒಂದೆಡೆ ನಿಲ್ಲುವ ಆ ನಾಲ್ಕು ತಿಂಗಳು, ಮಂಗಳೂರಿನಲ್ಲಿ ಗಡಿ ಹಾಕಿಕೊಂಡು ಇದ್ದು ನೋಡಬಹುದು. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಆ ಗಡಿಯನ್ನು ಪ್ರಕೃತಿಯೇ ಕಾಯುತ್ತದೆ. ವೀರನಿರ್ವಾಣದ ದೀಪಾವಳಿಯಂದು ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವಾಗ, ಆ ಕುಟುಂಬವೂ ತನ್ನ ನಾಲ್ಕು ತಿಂಗಳ ಲೆಕ್ಕವನ್ನು ತೆರೆಯಲಿ: ಎಷ್ಟು ಸಂಜೆ ಬೆಳಕಿರುವಾಗಲೇ ಊಟವಾಯಿತು, ಬಸದಿಗೆ ಎಷ್ಟು ದಿನ ಹೋಗಲಾಯಿತು, ಹೊರಗಿನಿಂದ ಏನೇನು ತರಿಸಲಾಯಿತು, ಯಾರು ಏನನ್ನು ಬಿಟ್ಟುಕೊಟ್ಟರು. ಕೊನೆಯ ಅಂಕಣವನ್ನು ಸೊಸೆ ತನ್ನ ಕೈಯಿಂದಲೇ ಬರೆಯಲಿ, ಬರೆಯುವಾಗ ಅತ್ತೆಮಾವಂದಿರು ಆ ಕೋಣೆಯಲ್ಲಿ ಇರದಿರಲಿ.