ಹೆಸರು ಹೊತ್ತ ತಂಡ, ಹೆಸರಿಲ್ಲದ ಮೇಳ

ಅಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್. ಸ್ವೀಡನ್ನಿನ ಈ ನಾಲ್ವರ ಮೊದಲಕ್ಷರ ಸೇರಿ ‘ಅಬ್ಬಾ’ ಆಯಿತು. ಎರಡು ಜೋಡಿಗಳು 1972ರಲ್ಲಿ ಕೂಡಿ ಹಾಡತೊಡಗಿದವು. 1974ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಹಾಡು ಯಾರದೆಂಬುದು ಪ್ರತಿ ಗ್ರಾಮಫೋನ್ ತಟ್ಟೆಯ ಮೇಲೂ ಅಚ್ಚಾಗಿರುತ್ತಿತ್ತು.

ನಮ್ಮ ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಮೇಳ ಕಟ್ಟುವ ಬಗೆಯೇ ಬೇರೆ. ಕಂಠ ಚೆನ್ನಾಗಿದ್ದರೆ ಸಾಲದು, ಗುರುವಿನಿಂದ ದೀಕ್ಷೆ ಆಗಬೇಕು. ಸಂತ ಮಂಟೇಸ್ವಾಮಿ, ಅವನ ಶಿಷ್ಯ ಸಿದ್ದಪ್ಪಾಜಿಯರ ಒಕ್ಕಲಾದ ನೀಲಗಾರ ತಂಬೂರಿ ಹಿಡಿದು ಕತೆ ಎತ್ತುತ್ತಾನೆ. ಗಗ್ಗರ, ಡಿಕ್ಕಿ ಹಿಡಿದವರು ಹಿಮ್ಮೇಳಕ್ಕೆ. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ದೇವರಗುಡ್ಡರ ಕೈಯಲ್ಲಿ ಕಂಸಾಳೆ. ಮಾದಪ್ಪನ ಕತೆಯ ಸಂಕಮ್ಮನ ಸಾಲು ಹಿಡಿದರೆಂದರೆ ರಾತ್ರಿ ಸರಿದದ್ದೇ ತಿಳಿಯದು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಂತೂ ಗೊರುಕನ ಹಾಡು-ಕುಣಿತಕ್ಕೆ ಪೋಡಿಗೆ ಪೋಡೇ, ಅಂದರೆ ಇಡೀ ಹಾಡಿಯೇ, ಸೇರಿಬಿಡುತ್ತದೆ. ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಚಂದ್ರಮಂಡಲದ ಜ್ಯೋತಿ ಹೊತ್ತಿದ ಇರುಳು ಹಾಡುತ್ತಿರುವವರು ಯಾರೆಂದು ಕೇಳಿ ನೋಡಿ. ಊರಿನ ಹೆಸರು ಹೇಳಿಯಾರು, ಗುರುವಿನ ಹೆಸರು ಹೇಳಿಯಾರು. ತಮ್ಮದನ್ನು ಕೊನೆಗೆ, ಅದೂ ಒತ್ತಾಯಿಸಿದರೆ.

ಇದನ್ನು ವಿನಯವೆಂದು ಹೊಗಳುವವರು ಬಹಳ. ನನಗೇಕೋ ಆ ಹೊಗಳಿಕೆ ಸಲೀಸಾಯಿತು ಅನ್ನಿಸುತ್ತದೆ. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಮಾದಪ್ಪನ ಪದ ಕೇಳಿ ನಾಡೇ ತಲೆದೂಗಿತು. ಎಲ್.ಎನ್. ಶಾಸ್ತ್ರಿಗಳು ಸೊಗಸಾಗಿಯೇ ಹಾಡಿದ್ದರು, ರಾಜ್ಯ ಪ್ರಶಸ್ತಿಯೂ ಬಂತು. ಅಂಥ ಪದಗಳನ್ನು ತಲೆಮಾರುಗಳಿಂದ ಬಾಯಲ್ಲೇ ಕಾಪಾಡಿಕೊಂಡು ಬಂದ ಗುಡ್ಡರನ್ನು ಮಾತ್ರ ಎಷ್ಟು ಮಂದಿ ನೆನೆದರು? ಕರ್ತೃ ಗೊತ್ತಿರುವ ಹಾಡಿಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಾವಲಿದೆ. ಎಲ್ಲರದೂ ಆದ ಪದವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ‘ಅಬ್ಬಾ’ 1982ರ ಹೊತ್ತಿಗೆ ಹಾಡುವುದನ್ನು ನಿಲ್ಲಿಸಿತಾದರೂ ಅದರ ಹಾಡುಗಳು ಅವರಿಗೆ ಇಂದಿಗೂ ದುಡಿದು ಹಾಕುತ್ತಿವೆ.

ಹಾಗೆಂದು ನೀಲಗಾರರು ಸಿದ್ದಪ್ಪಾಜಿಯನ್ನು ಬಿಟ್ಟು ತಮ್ಮ ಹೆಸರಿನ ಬ್ಯಾನರ್ ಕಟ್ಟಲಿ ಎನ್ನುತ್ತಿಲ್ಲ. ಅವರು ಕಟ್ಟುವುದೂ ಇಲ್ಲ. ಕಟ್ಟಬೇಕಾದವರು ಧಾಟಿ ಎತ್ತಿಕೊಂಡವರು. ಯಾವ ಊರಿನ, ಯಾವ ಮೇಳದವರ ಬಾಯಿಂದ ಕಲಿತದ್ದೆಂದು ಚಿತ್ರದ ಮೊದಲಲ್ಲಿ ಒಂದು ಸಾಲು ಹಾಕಲಿ, ಸಂಭಾವನೆಯಲ್ಲಿ ಒಂದು ಪಾಲು ಆ ಊರಿಗೆ ಕಳಿಸಲಿ. ಕೋಟಿಗಳಲ್ಲಿ ಲೆಕ್ಕ ಹಾಕುವ ನಿರ್ಮಾಪಕರಿಗೆ ಅದೇನೂ ಹೊರೆಯಲ್ಲ.