ಅರ್ಧ ಅಭಯ

ಬಲವುಳ್ಳವನು ಬಲವಿಲ್ಲದವನಿಗೆ ‘ಹೆದರಬೇಡ’ ಎನ್ನುವುದನ್ನು ನಮ್ಮ ಹಿರಿಯರು ಅಭಯವೆಂದು ಕರೆದು, ದಾನಗಳ ಸಾಲಿನಲ್ಲಿ ಅದಕ್ಕೂ ಒಂದು ಸ್ಥಾನ ಕೊಟ್ಟರು. ವಿಭೀಷಣನು ಕಡಲ ದಡಕ್ಕೆ ಬಂದು ನಿಂತಾಗ ಸುಗ್ರೀವನಿಗೆ ಸಂಶಯ. ಶತ್ರುವಿನ ತಮ್ಮನನ್ನು ನಂಬುವುದು ಹೇಗೆ? ರಾಮನು ಅದನ್ನು ಕೇಳಿಸಿಕೊಂಡೂ ಅಭಯವಿತ್ತನು. ಲಂಕೆ ಇನ್ನೂ ರಾವಣನ ಕೈಯಲ್ಲಿರುವಾಗಲೇ ವಿಭೀಷಣನಿಗೆ ಪಟ್ಟವನ್ನೂ ಕಟ್ಟಿಸಿದನು. ಅದು ಪೂರ್ತಿ ಅಭಯ. ನನ್ನನ್ನು ಈಚೆಗೆ ಕಾಡುತ್ತಿರುವುದು ಇನ್ನೊಂದು ಬಗೆಯದು: ‘ಹೆದರಬೇಡ’ ಎನ್ನುತ್ತದೆ, ಆದರೆ ‘ನಾನು ಬರುತ್ತೇನೆ’ ಎನ್ನುವುದಿಲ್ಲ. ಹೀಗೆ ಅರ್ಧ ನುಡಿಯುವುದು ಧರ್ಮವೆ? ಏನೂ ನುಡಿಯದೆ ಇರುವುದಕ್ಕಿಂತ ಅದು ಮೇಲೆ?

ಅಂಥ ಅಭಯವೊಂದು ಶಾಸನದ ರೂಪದಲ್ಲಿ ಇಂದಿಗೂ ಜಾರಿಯಲ್ಲಿದೆ. ಅಮೆರಿಕದ ಕಾಂಗ್ರೆಸ್ಸು 1979ರಲ್ಲಿ ಮಾಡಿದ ತೈವಾನ್ ಸಂಬಂಧಗಳ ಕಾಯಿದೆಯೇ ಅದು.

ಅದರ ಹುಟ್ಟಿನ ಕಥೆ ಸ್ವಲ್ಪ ಕಹಿಯಾದದ್ದು. ತೈವಾನನ್ನು ರಕ್ಷಿಸುವುದಾಗಿ ಅಮೆರಿಕ 1954ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಅಂದು ಅದರ ಕಣ್ಣಿಗೆ ಚೀನವೆಂದರೆ ತೈಪೆಯಲ್ಲಿದ್ದ ಚಿಯಾಂಗ್ ಕೈ-ಷೇಕರ ಸರಕಾರವೇ. 1978ರ ಡಿಸೆಂಬರಿನಲ್ಲಿ ಅಧ್ಯಕ್ಷ ಕಾರ್ಟರರು, ಬರುವ ಜನವರಿ 1ರಿಂದ ಬೀಜಿಂಗಿನ ಸರಕಾರಕ್ಕೆ ಮನ್ನಣೆ ಕೊಡುವುದಾಗಿಯೂ ತೈಪೆಯೊಡನೆ ರಾಯಭಾರದ ಸಂಬಂಧ ಮುಗಿಯುವುದೆಂದೂ ಸಾರಿದರು. ಚಿಯಾಂಗರ ಮಗ, ಆಗಿನ ಅಧ್ಯಕ್ಷ ಚಿಯಾಂಗ್ ಚಿಂಗ್-ಕುವೊ ಅವರನ್ನು ಅಮೆರಿಕದ ರಾಯಭಾರಿ ಅಪರಾತ್ರಿಯಲ್ಲಿ ಎಬ್ಬಿಸಿ ಸುದ್ದಿ ಮುಟ್ಟಿಸಿದರು. ಲೋಕಕ್ಕೆಲ್ಲ ತಿಳಿಯುವುದಕ್ಕೆ ಆಗ ಕೆಲವೇ ಗಂಟೆಗಳು ಉಳಿದಿದ್ದುವು. ಒಂದು ವರ್ಷದ ಮುನ್ಸೂಚನೆ ಕೊಟ್ಟು ಯಾರು ಬೇಕಾದರೂ ಒಪ್ಪಂದವನ್ನು ಬಿಡಬಹುದೆಂದು ಒಪ್ಪಂದದಲ್ಲೇ ಬರೆದಿತ್ತು. ಕಾರ್ಟರರು ಆ ವರ್ಷವನ್ನು ತಪ್ಪದೆ ಕೊಟ್ಟರು. ಅಕ್ಷರಕ್ಕೆ ಭಂಗ ಬರಲಿಲ್ಲ. ಅಕ್ಷರಕ್ಕೆ ಭಂಗ ಬಾರದಂತೆ ಎಷ್ಟೆಲ್ಲವನ್ನು ಮುರಿಯಬಹುದೆಂಬುದು ಸಂಸಾರಿಗಳಾದ ನಮಗೂ ತಿಳಿಯದ ವಿಷಯವಲ್ಲ.

ಸರಕಾರ ಕಾಂಗ್ರೆಸ್ಸಿನ ಮುಂದಿಟ್ಟ ಮಸೂದೆಯಲ್ಲಿ ವ್ಯಾಪಾರ, ವ್ಯವಹಾರಗಳ ಏರ್ಪಾಟು ಇತ್ತು, ರಕ್ಷಣೆಯ ಮಾತಿರಲಿಲ್ಲ. ಅದನ್ನು ಸೇರಿಸಿದವರು ಸದಸ್ಯರು. ಮಸೂದೆ ಕೆಳಮನೆಯಲ್ಲಿ 339ಕ್ಕೆ 50, ಸೆನೆಟ್ಟಿನಲ್ಲಿ 85ಕ್ಕೆ 4 ಮತಗಳಿಂದ ಗೆದ್ದಿತು. ಏಪ್ರಿಲ್ 10ರಂದು ಕಾರ್ಟರರು ರುಜು ಹಾಕಿದರು. ಶಾಂತಿಯ ದಾರಿ ಬಿಟ್ಟು ಬೇರೆ ದಾರಿಯಿಂದ, ದಿಗ್ಬಂಧನದಿಂದಲೇ ಆಗಲಿ, ತೈವಾನಿನ ಭವಿಷ್ಯವನ್ನು ತೀರ್ಮಾನಿಸಹೊರಟರೆ ಅದು ಅಮೆರಿಕಕ್ಕೆ ಗಂಭೀರ ಚಿಂತೆಯ ವಿಷಯವೆಂದು ಕಾಯಿದೆ ಹೇಳುತ್ತದೆ. ಆತ್ಮರಕ್ಷಣೆಗೆ ಸಾಕಾಗುವಷ್ಟು ಆಯುಧ ಒದಗಿಸುವುದಾಗಿ ಹೇಳುತ್ತದೆ. ಅಪಾಯ ಬಂದಾಗ ಏನು ಮಾಡತಕ್ಕದ್ದೆಂಬುದನ್ನು ಅಧ್ಯಕ್ಷರೂ ಕಾಂಗ್ರೆಸ್ಸೂ ಆಗ ನಿರ್ಧರಿಸುವರು ಎನ್ನುತ್ತದೆ. ಅಲ್ಲಿಗೆ ನಿಂತಿತು. ‘ಚಿಂತೆ’ ಎಂಬ ಆ ಶಬ್ದದ ಎದುರು ನಾನು ಬಹಳ ಹೊತ್ತು ನಿಂತಿದ್ದೇನೆ. ನೆರೆಮನೆಗೆ ಬೆಂಕಿ ಬಿದ್ದರೆ ಚಿಂತಿಸುವವರು ಬಹಳ. ಕೊಡ ಹಿಡಿದು ಓಡುವವರು ಎಷ್ಟು ಮಂದಿ?

ಭಾರತಯುದ್ಧಕ್ಕೆ ಮುನ್ನ ಅರ್ಜುನನೂ ದುರ್ಯೋಧನನೂ ದ್ವಾರಕೆಗೆ ಹೋದ ಪ್ರಸಂಗ ನೆನಪಿಗೆ ಬರುತ್ತದೆ. ಒಬ್ಬನಿಗೆ ಸೇನೆ ಸಿಕ್ಕಿತು; ಇನ್ನೊಬ್ಬನಿಗೆ ಆಯುಧ ಹಿಡಿಯದ ಕೃಷ್ಣ ಸಿಕ್ಕಿದ. ಏನು ಸಿಕ್ಕಿತೆಂದು ಇಬ್ಬರಿಗೂ ಅಂದೇ ತಿಳಿದಿತ್ತು. ತೈವಾನಿಗೆ ಸಿಕ್ಕಿರುವುದು ಆಯುಧ, ಅದೂ ಬಹುಮಟ್ಟಿಗೆ ಹಣ ತೆತ್ತು ಕೊಂಡದ್ದು. ಕೃಷ್ಣ ಬರುತ್ತಾನೆಯೊ ಇಲ್ಲವೊ ಎಂಬುದನ್ನು ಮಾತ್ರ ಬೇಕೆಂದೇ ಹೇಳಿಲ್ಲ. 2021–22ರಲ್ಲಿ ಅಧ್ಯಕ್ಷ ಬೈಡನ್ ಬರುವುದಾಗಿ ಹಲವು ಸಲ ನುಡಿದರು. ನೀತಿಯೇನೂ ಬದಲಾಗಿಲ್ಲವೆಂದು ಅವರ ಅಧಿಕಾರಿಗಳು ಬೆನ್ನಿಗೇ ಹೇಳಿದರು.

ಈ ಮೌನಕ್ಕೂ ಒಂದು ಸಮರ್ಥನೆಯುಂಟು, ಅದು ಹಗುರವಾದುದಲ್ಲ. ದೊಡ್ಡವನು ‘ಏನೇ ಆಗಲಿ, ನಾನಿದ್ದೇನೆ’ ಎಂದುಬಿಟ್ಟರೆ ಚಿಕ್ಕವನು ಕಾಲು ಕೆರೆದು ಜಗಳಕ್ಕೆ ಹೋದಾನು. 1954ರ ಒಪ್ಪಂದದ ಜೊತೆಗೇ, ಇಬ್ಬರೂ ಒಪ್ಪದೆ ಚಿಯಾಂಗರು ಮುಖ್ಯಭೂಮಿಯ ಮೇಲೆ ಬಲಪ್ರಯೋಗ ಮಾಡಕೂಡದೆಂಬ ಅರ್ಥದ ಪತ್ರಗಳೂ ವಿನಿಮಯವಾಗಿದ್ದುವು. ‘ಬರುವುದಿಲ್ಲ’ ಎಂದುಬಿಟ್ಟರೆ ಅತ್ತ ಕಡೆಯವನಿಗೆ ಬಾಗಿಲು ತೆರೆದಂತೆ. ಹೀಗೆ ಎರಡು ಕಡೆಗೂ ಅನುಮಾನವನ್ನು ಕಾವಲಿಟ್ಟು ನಾಲ್ಕು ದಶಕಗಳಿಗೂ ಮೀರಿ ಯುದ್ಧ ತಪ್ಪಿದೆ. ಫಲವನ್ನೇ ಧರ್ಮದ ಅಳತೆಗೋಲೆಂದರೆ ಇಲ್ಲಿಗೆ ಚರ್ಚೆ ಮುಗಿಯಿತು.

ನನಗೆ ಮುಗಿಯುವುದಿಲ್ಲ. ಅನುಮಾನವನ್ನು ಹೂಡಿದವನು ಒಬ್ಬ, ಅದರೊಳಗೆ ವಾಸಿಸಬೇಕಾದವನು ಇನ್ನೊಬ್ಬ. ವಾಷಿಂಗ್ಟನ್ನಿನಲ್ಲಿ ಅದು ನೀತಿ. ಅತ್ಯಂತ ಕಿರಿದಾದ ಕಡೆ ಸುಮಾರು 130 ಕಿಲೋಮೀಟರಿನ ಜಲಸಂಧಿಯ ಈಚೆಗಿರುವ ಸುಮಾರು 2 ಕೋಟಿ 30 ಲಕ್ಷ ಜನಕ್ಕೆ ಅದು ದಿನದಿನದ ಬಾಳು.

ಆದರೂ ಈ ಕಾಯಿದೆಯನ್ನು ಬರಿಯ ಕಪಟವೆಂದು ತಳ್ಳಿಬಿಡಲು ನನ್ನ ಮನಸ್ಸು ಒಪ್ಪದು. ಒಪ್ಪಂದಕ್ಕೆ ಇಬ್ಬರ ರುಜು ಇತ್ತು. ಒಬ್ಬ ಅಧ್ಯಕ್ಷರು ಅದನ್ನು ಕೊನೆಗಾಣಿಸಿದರು. ಅದನ್ನು ಪ್ರಶ್ನಿಸಿ ಸೆನೆಟರ್ ಗೋಲ್ಡ್‌ವಾಟರ್ ಮೊದಲಾದವರು ಹೂಡಿದ ದಾವೆಯ ತಿರುಳಿಗೆ ಸುಪ್ರೀಂ ಕೋರ್ಟು ಕೈಹಾಕಲೇ ಇಲ್ಲ. ಕಾಯಿದೆಗೆ ಇರುವುದು ಒಂದೇ ಕಡೆಯ ರುಜು. ತೈವಾನಿನವರು ಅದರ ಮೇಲೆ ಮತ ಹಾಕಿದವರಲ್ಲ. ಆದರೂ ಬಾಳಿದ್ದು ಇದೇ. ಏಕೆಂದು ಯೋಚಿಸಿದರೆ ನನಗೆ ಹೊಳೆಯುವುದಿಷ್ಟು: ಪರರಿಗೆ ಕೊಟ್ಟ ಭಾಷೆ ಪರರ ಬಲ ಕುಗ್ಗಿದಂತೆ ಸವೆಯುತ್ತದೆ, ತನ್ನ ಮನೆಯ ಕಟ್ಟಳೆಯಾಗಿ ಮಾಡಿಕೊಂಡ ಭಾಷೆಯನ್ನು ಮುರಿಯಬೇಕಾದರೆ ಮನೆಮಂದಿಯನ್ನೆಲ್ಲ ಕೂಡಿಸಿ, ಕಾರಣ ಹೇಳಿ, ಮತ್ತೆ ಮತ ಕೇಳಬೇಕು. ಆ ನಾಚಿಕೆಯೇ ದೊಡ್ಡ ಬೇಲಿ.

ಇನ್ನೊಂದು ಸಂಗತಿಯೂ ಇದೆ. ತೈವಾನಿನ ಜನರ ಮಾನವ ಹಕ್ಕುಗಳನ್ನು ಕಾಪಾಡುವುದೂ ಹೆಚ್ಚಿಸುವುದೂ ತನ್ನ ಉದ್ದೇಶವೆಂದು ಕಾಯಿದೆ ಸಾರಿತು. ಆಗ ಅಲ್ಲಿ 1949ರಿಂದ ಸೈನಿಕ ಕಾನೂನು ನಡೆಯುತ್ತಿತ್ತು. ಅದು ತೆರವಾದದ್ದು 1987ರಲ್ಲಿ. ಅಂದರೆ ಅಭಯ ಸಿಂಹಾಸನಕ್ಕಷ್ಟೇ ಅಲ್ಲ, ಅದರ ಕೆಳಗೆ ಕುಳಿತವರಿಗೂ ಎಂದಾಯಿತು. ಅರಸನೊಡನೆ ಮಾಡಿಕೊಂಡ ಕೌಲಿನಲ್ಲಿ ಇಂಥ ಮಾತು ಬರುವುದು ಅಪರೂಪ. 1996ರ ಮಾರ್ಚಿನಲ್ಲಿ ಅಲ್ಲಿನ ಜನ ಮೊದಲ ಸಲ ತಾವೇ ಅಧ್ಯಕ್ಷರನ್ನು ಆರಿಸಹೊರಟಾಗ ಚೀನ ಸಮೀಪದ ಕಡಲಿಗೆ ಕ್ಷಿಪಣಿಗಳನ್ನು ಹಾರಿಸಿತು. ಕ್ಲಿಂಟನ್ನರು ಎರಡು ವಿಮಾನವಾಹಕ ಹಡಗುಗಳ ಪಡೆಯನ್ನು ಕಳಿಸಿದರು. ಆ ಒಂದು ಸಲ ‘ಚಿಂತೆ’ಗೆ ಕಾಲು ಬಂದಿತ್ತು.

ಅರ್ಧ ಅಭಯ ಕೊಡುವವನು ‘ಇದು ಅರ್ಧ’ ಎಂದು ಕೇಳುವವನಿಗೆ ಸ್ಪಷ್ಟವಾಗಿ ತಿಳಿಸಿದ್ದರೆ ಅವನನ್ನು ನಾನು ಮೋಸಗಾರನೆನ್ನಲಾರೆ. ಪೂರ್ತಿ ಎಂಬಂತೆ ನಟಿಸಿ ಆಯುಧ ಮಾರಿದರೆ ಖಂಡಿತ ಎನ್ನುವೆ. ತೈಪೆಯಲ್ಲಿ ಅದನ್ನು ಅರ್ಧವೆಂದೇ ಎಣಿಸಿರುವಂತೆ ಕಾಣುತ್ತದೆ. ಕಡ್ಡಾಯ ಸೈನ್ಯಸೇವೆ ಅಲ್ಲಿ ನಾಲ್ಕು ತಿಂಗಳಿಗೆ ಇಳಿದಿತ್ತು. 2024ರ ಜನವರಿಯಿಂದ ಮತ್ತೆ ಒಂದು ವರ್ಷವಾಗಿದೆ. ಅದು ತಾಗುವುದು 2005ರಲ್ಲೂ ಆಮೇಲೂ ಹುಟ್ಟಿದ ಗಂಡುಮಕ್ಕಳಿಗೆ. ಅವರಲ್ಲಿ ಎಲ್ಲರಿಗಿಂತ ಹಿರಿಯನು ಹುಟ್ಟುವ ಹೊತ್ತಿಗೆ ಆ ಕಾಯಿದೆಗೆ ಆಗಲೇ ಇಪ್ಪತ್ತೈದು ವರ್ಷ ದಾಟಿತ್ತು.