ಇಂದಿನ ಧಮ್ಮ ಚಿಂತನೆ: ಬ್ರೇಕ್ ಪ್ಯಾಡಿನ ಖರ್ಚು ಯಾವ ಪಾಲಿನದು?





ನಮ್ಮ ಅಧ್ಯಯನ ಬಳಗದ ಹಲವು ಮನೆಗಳಲ್ಲಿ ಈಗ ಕಾರಿದೆ. ಹೆಚ್ಚಿನವು ಸಾಲದಲ್ಲಿ ಕೊಂಡ ಸಣ್ಣ ಕಾರುಗಳು, ಕೆಲವು ಸೆಕೆಂಡ್ ಹ್ಯಾಂಡ್. ಆದ್ದರಿಂದ ಇಂದು ಮನೆಯ ಒಂದು ಖರ್ಚನ್ನೇ ಚಿಂತನೆಗೆ ತೆಗೆದುಕೊಳ್ಳೋಣ: ಬ್ರೇಕ್ ಪ್ಯಾಡ್ ಬದಲಾಯಿಸುವ ಖರ್ಚು.

ಕೊಡಗಿನಲ್ಲಿ ಬಯಲುಸೀಮೆಗಿಂತ ಬ್ರೇಕ್ ಬೇಗ ಸವೆಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ, ವಿರಾಜಪೇಟೆ ಕಡೆಯಿಂದ ಮಾಕುಟ್ಟಕ್ಕೆ ಘಾಟಿ ಇಳಿಯುವವರಿಗೆ ಇದು ಗೊತ್ತು. ಹೊಸ ಪ್ಯಾಡಿನ ಸವೆಯುವ ಪದರ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. ಅದು 3 ಮಿಲಿಮೀಟರಿಗೆ ಬಂದರೆ ಬದಲಾಯಿಸಬೇಕು. ಪೂರ್ತಿ ಸವೆದರೆ ಹಿಂದಿನ ಉಕ್ಕಿನ ತಗಡು ಡಿಸ್ಕನ್ನೇ ಕೆರೆಯುತ್ತದೆ. ಆಗ ಡಿಸ್ಕೂ ಹೋಗುತ್ತದೆ.

ಈ ಸಲ ಮಳೆಗಾಲಕ್ಕೆ ಮುಂಚೆ ಚಕ್ರ ಬಿಚ್ಚಿಸಿ ನೋಡಿಸಿದಾಗ ನಮ್ಮ ಕಾರಿನ ಮುಂದಿನ ಪ್ಯಾಡುಗಳು ಆ ಮಟ್ಟಕ್ಕೆ ಬಂದಿದ್ದವು. ಮೆಕ್ಯಾನಿಕ್ ಲೆಕ್ಕ ಹೇಳಿದರು: ಪ್ಯಾಡ್ ಸೆಟ್ಟಿಗೆ 1,900, ಕೂಲಿ 500, ಒಟ್ಟು 2,400 ರೂಪಾಯಿ. ಹೀಗೇ ಓಡಿಸಿ ಡಿಸ್ಕ್ ಹಾಳಾದರೆ ಮೇಲೆ ಇನ್ನೊಂದು 5,000. ಅದೇ ವಾರ ಮಗಳ ಕಾಲೇಜು ಫೀಸು, ಅಮ್ಮನ ಔಷಧಿ ಎರಡೂ ಇದ್ದವು. "ರೀ, ಮುಂದಿನ ತಿಂಗಳ ಸಂಬಳ ಬಂದ್ಮೇಲೆ ಮಾಡಿಸಿದ್ರೆ ಆಗಲ್ವಾ?" ಎಂದು ನನ್ನ ಪತ್ನಿ ಕೇಳಿದರು. ನ್ಯಾಯವಾದ ಪ್ರಶ್ನೆ. ಸಂಬಳ ನಂಬಿದ ಮನೆಯಲ್ಲಿ ಎಲ್ಲ ಖರ್ಚುಗಳೂ ಸಾಲಾಗಿ ನಿಂತು ತಮ್ಮ ಸರದಿ ಕಾಯುತ್ತವೆ.

ಭಗವಾನ್ ಬುದ್ಧರು ಸಿಗಾಲನೆಂಬ ಗೃಹಸ್ಥನಿಗೆ ಹಣದ ಲೆಕ್ಕವನ್ನೂ ಕಲಿಸಿದ್ದಾರೆ. ಗಳಿಕೆಯನ್ನು ನಾಲ್ಕು ಪಾಲು ಮಾಡಬೇಕು. ಒಂದು ಪಾಲು ಅನುಭವಿಸಲು, ಎರಡು ಪಾಲು ದುಡಿಮೆಗೆ, ನಾಲ್ಕನೆಯದು ಆಪತ್ತಿಗೆ. ಈ ನಾಲ್ಕನೆಯ ಪಾಲನ್ನು ನಾವು ಸಾಮಾನ್ಯವಾಗಿ ಆಪತ್ತು ಬಂದ ಮೇಲೆ ಆಸ್ಪತ್ರೆಗೋ ವಕೀಲರಿಗೋ ಕೊಡುತ್ತೇವೆ. ಆಪತ್ತು ಬಾರದಂತೆ ತಡೆಯಲು ಕೊಡುವ ಹಣವೂ ಅದೇ ಪಾಲಿನದು ಎಂದು ನನ್ನ ತಿಳಿವಳಿಕೆ. ನಾವಿಬ್ಬರೂ ಕೂತು ಮಾತಾಡಿ, ಆಪತ್ತಿಗೆಂದು ತೆಗೆದಿಟ್ಟಿದ್ದ ಹಣದಿಂದ ಅಂದೇ ಪ್ಯಾಡ್ ಹಾಕಿಸಿದೆವು. ಫೀಸಿನ ಹಣ ಮುಟ್ಟಲಿಲ್ಲ. ತೆಗೆದದ್ದನ್ನು ತುಂಬಿಡಬೇಕಾದ್ದರಿಂದ ಮಿಕ್ಸಿ ರಿಪೇರಿ ಒಂದು ತಿಂಗಳು ಮುಂದೆ ಹೋಯಿತು.

ಇದು ಬರೀ ನಮ್ಮ ಜೀವದ ಮಾತಲ್ಲ. ನನ್ನ ತರಗತಿಯ ಬಹಳಷ್ಟು ಮಕ್ಕಳು ತೋಟದ ಲೈನ್ ಮನೆಗಳಿಂದ ರಸ್ತೆಯ ಅಂಚಿನಲ್ಲೇ ನಡೆದು ಬರುತ್ತಾರೆ. ಒಂದು ಕಡೆ ಚರಂಡಿ, ಇನ್ನೊಂದು ಕಡೆ ತಿರುವು, ಮೇಲೆ ಮಂಜು, ಮಳೆ. ನಮ್ಮಲ್ಲಿ ಎಷ್ಟೋ ಜನ ಹಾಗೆಯೇ ನಡೆದು ಓದಿದವರು, ಗಾಡಿಯ ಸದ್ದಿಗೆ ಅಂಚಿಗೆ ಸರಿದು ನಿಂತವರು. ಈಗ ಸ್ಟೀರಿಂಗ್ ನಮ್ಮ ಕೈಯಲ್ಲಿದೆ. ಪ್ರಾಣಹತ್ಯೆ ಮಾಡೆನೆಂಬ ಮೊದಲ ಶೀಲ ಆ ಮಕ್ಕಳ ಲೆಕ್ಕದಲ್ಲಿ ನಮ್ಮಿಂದ ಏನು ಕೇಳುತ್ತದೆ? ಉದ್ದೇಶವಿಲ್ಲದೆ ಆದ ಅಪಘಾತ ಶೀಲಭಂಗವಲ್ಲ ಎನ್ನಬಹುದು. ಅದು ನಿಜವೇ. ಆದರೆ ಪ್ಯಾಡ್ ಮುಗಿದಿದೆ ಎಂದು ತಿಳಿದೂ ಘಾಟಿ ಇಳಿಯುವುದಕ್ಕೆ ಬುದ್ಧರು ಕೊಟ್ಟ ಹೆಸರು ಪ್ರಮಾದ. ಅಪ್ರಮಾದದಿಂದಿರಿ ಎಂಬುದೇ ಅವರ ಕೊನೆಯ ಉಪದೇಶ.

1929ರಲ್ಲಿ ಚಾಳೀಸಗಾಂವ್‌ನಲ್ಲಿ ಬಾಬಾಸಾಹೇಬರಿಗೆ ಆದದ್ದನ್ನು ನೆನೆಯೋಣ. ಅಸ್ಪೃಶ್ಯರನ್ನು ಕೂರಿಸಿಕೊಂಡು ಓಡಿಸಲು ಯಾವ ಟಾಂಗಾವಾಲನೂ ಒಪ್ಪಲಿಲ್ಲ. ಅತಿಥಿಯನ್ನು ನಡೆಸುವುದು ಅವರ ಘನತೆಗೆ ತಕ್ಕದ್ದಲ್ಲವೆಂದು ಕೇರಿಯ ಜನ ಟಾಂಗಾ ಬಾಡಿಗೆಗೆ ತಂದು, ಓಡಿಸಿ ಅಭ್ಯಾಸವಿಲ್ಲದ ತಮ್ಮವನೊಬ್ಬನನ್ನೇ ಕೂರಿಸಿದರು. ನದಿ ದಾಟುವಲ್ಲಿ ಚಕ್ರ ಕಲ್ಲುಗಳ ನಡುವೆ ಸಿಕ್ಕಿ ಬಾಬಾಸಾಹೇಬರು ಹೊರಗೆ ಎಸೆಯಲ್ಪಟ್ಟರು. ಕಾಲಿನ ಮೂಳೆ ಮುರಿಯಿತು. ಆ ಜನರ ಪ್ರೀತಿಯಲ್ಲಿ ದೋಷವಿರಲಿಲ್ಲ. ಘನತೆಯೋ ಸುರಕ್ಷತೆಯೋ ಎಂದು ಒಂದನ್ನೇ ಆರಿಸುವ ಗತಿಯನ್ನು ಜಾತಿ ಅವರಿಗೆ ತಂದಿತ್ತು. ನಮಗೆ ಆ ಗತಿಯಿಲ್ಲ. ಗಾಡಿ ನಮ್ಮದು, ಲೈಸೆನ್ಸ್ ನಮ್ಮದು. ಘನತೆಗೆಂದು ಲಕ್ಷಗಟ್ಟಲೆ ಸಾಲ ಮಾಡಿ ಕಾರು ಕೊಂಡವರು ಸುರಕ್ಷತೆಯ 2,400 ರೂಪಾಯಿಯನ್ನು ಮುಂದೂಡಬಾರದು.

ಆಯುಧಪೂಜೆಯ ದಿನ ನಮ್ಮ ಅಕ್ಕಪಕ್ಕದವರು ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಅವರನ್ನು ಹೀಯಾಳಿಸುವುದು ಬೇಡ, ಅವರದೂ ನಮ್ಮಂತೆ ಮನೆಮಂದಿಯ ಬಗೆಗಿನ ಆತಂಕವೇ. ಆದರೆ 22 ಪ್ರತಿಜ್ಞೆ ಸ್ವೀಕರಿಸಿದ ನಾವು ನಿಂಬೆಹಣ್ಣು ಬಿಟ್ಟ ಜಾಗವನ್ನು ಖಾಲಿ ಬಿಡಬಾರದು. ಅಲ್ಲಿ ತಪಾಸಣೆ ಬರಬೇಕು. ಅಕ್ಟೋಬರ್ 14, ಧಮ್ಮಚಕ್ರ ಪ್ರವರ್ತನ ದಿನ. ಪ್ರತಿವರ್ಷ ಆ ವಾರ ನಮ್ಮ ಗಾಡಿಗಳ ಚಕ್ರವನ್ನೂ ಬಿಚ್ಚಿಸಿ ನೋಡುವ ಪದ್ಧತಿ ಇಟ್ಟುಕೊಳ್ಳೋಣ.

ಇಂದಿನ ಅಭ್ಯಾಸಕ್ಕೆ ಮೂರು ಮಾತು:

1. ಬ್ರೇಕ್ ಒತ್ತಿದಾಗ ಕೀರಲು ಸದ್ದು ಬಂದರೆ ಇವತ್ತೇ ತೋರಿಸಿ. ಹಳೆಯ ಪ್ಯಾಡನ್ನು ಕೈಗೆ ತೆಗೆದುಕೊಂಡು ದಪ್ಪ ನೋಡಿ, ಬಿಲ್ ಕೇಳಿ ಪಡೆಯಿರಿ.

2. ಬ್ರೇಕ್ ಆಯಿಲ್ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಘಾಟಿಯಲ್ಲಿ ಕಾದು ಕುದಿದರೆ ಪೆಡಲ್ ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

3. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಪ್ಯಾಡೂ ಹೆಚ್ಚು ದಿನ ಬರುತ್ತದೆ.

ಓದಿದವರು ನಿಮ್ಮ ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳಿಗೂ ಕಳಿಸಿ.

ಭವತು ಸಬ್ಬ ಮಂಗಲಂ. ಜೈಭೀಮ್.